ಸ್ಮಾರಕ ಹೊನ್ನುಗಳು: ಕೂಡಿಡತಕ್ಕವು ಯಾವುವು?

ಚಿನ್ನದ ನಾಣ್ಯಗಳನ್ನು ಕೂಡಿಡುವ ಆಸೆ ನಮ್ಮ ಜನಕ್ಕೆ ಹೊಸದಲ್ಲ. ಧಾರವಾಡ ತಾಲೂಕಿನ ಗರಗದಂಥ ಊರುಗಳಲ್ಲಿ ಹಳೆಯ ಮನೆತನಗಳ ಹೆಣ್ಣುಮಕ್ಕಳು ಪುತಳಿ ಸರವನ್ನು ಇಟ್ಟುಕೊಂಡಿರುವುದುಂಟು. ದೇವರ ಪೆಟ್ಟಿಗೆಯಲ್ಲಿ ಅರಿಸಿನ ಮೆತ್ತಿದ ಒಂದು ರಾಮಟಂಕಿ ಇರುವುದೂ ಉಂಟು. ಹೊಸದಾದುದೆಂದರೆ, ಅಕ್ಷಯ ತೃತೀಯೆ, ದೀಪಾವಳಿ ಮುಂತಾದ ದಿನಗಳಲ್ಲಿ ಯಾವನಾದರೊಬ್ಬ ಮಹಾಪುರುಷನ ಇಲ್ಲವೆ ಯಾವುದಾದರೊಂದು ಮಹೋತ್ಸವದ ಹೆಸರಿನಲ್ಲಿ ಹೊಳೆಹೊಳೆಯುವ ಬಿಲ್ಲೆಗಳನ್ನು ಅಚ್ಚೊತ್ತಿಸಿ, ಮಖಮಲ್ಲಿನ ಡಬ್ಬಿಯಲ್ಲಿಟ್ಟು, 'ಅಪೂರ್ವ', 'ಸೀಮಿತ' ಎಂಬ ವಿಶೇಷಣಗಳೊಡನೆ ಮಾರುವ ಪದ್ಧತಿ. ಪಟ್ಟಣದ ವಿದ್ಯಾವಂತ ಗೃಹಸ್ಥನು ಮಗಳ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಇವನ್ನು ಕೊಳ್ಳುತ್ತಾನೆ. ಇಪ್ಪತ್ತು ವರ್ಷಗಳ ತರುವಾಯ ಮಾರಹೋದಾಗ ಅಕ್ಕಸಾಲಿಯು ಡಬ್ಬಿಯನ್ನು ಬದಿಗಿರಿಸಿ ಬಿಲ್ಲೆಯನ್ನು ಮಾತ್ರ ತಕ್ಕಡಿಗೆ ಹಾಕುತ್ತಾನೆ. ಇದಕ್ಕೆ ವಿಪರ್ಯಾಸವಾಗಿ, ಅದೇ ಮನೆಯಲ್ಲಿ ಅಜ್ಜಿಯಿಂದ ಬಂದ ವರಹವೊಂದನ್ನು 'ಸವೆದು ಹೋಗಿದೆ' ಎಂದು ಕರಗಿಸಿ ಬಳೆ ಮಾಡಿಸುತ್ತಾರೆ. ಈ ಎರಡು ನಷ್ಟಗಳಲ್ಲಿ ಎರಡನೆಯದೇ ದೊಡ್ಡದೆಂದು ನಾವು ತಿಳಿಯುತ್ತೇವೆ. ಏಕೆಂದರೆ ಹೋದ ಹಣವನ್ನು ಮತ್ತೆ ಗಳಿಸಬಹುದು, ಕರಗಿದ ವರಹವನ್ನು ಮತ್ತೆ ಅಚ್ಚೊತ್ತಲಾಗದು.

ಸ್ಮಾರಕ ನಾಣ್ಯವೆಂದರೇನು ಎಂಬುದನ್ನು ಮೊದಲು ವಿಚಾರಿಸೋಣ. ಒಂದು ಘಟನೆಯ ನೆನಪಿಗಾಗಿ ಹೊರಟ ನಾಣ್ಯವೆಂದು ಸಾಮಾನ್ಯವಾಗಿ ಹೇಳುವರು. ಈ ಅರ್ಥದಲ್ಲಿ ನಮ್ಮ ನಾಡಿನ ಅತ್ಯುತ್ತಮ ಸ್ಮಾರಕ ನಾಣ್ಯವನ್ನು ಹುಡುಕಲು ಯೂರೋಪಿಗೆ ಹೋಗಬೇಕಾಗಿಲ್ಲ. ಹೊಯ್ಸಳ ವಿಷ್ಣುವರ್ಧನನ ಸೇನಾಪತಿ ಗಂಗರಾಜನು ಸುಮಾರು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದನು. ಆ ಗೆಲವಿನ ಗುರುತಾಗಿ ಅರಸನು ಮಾಡಿಸಿದ ಕಟ್ಟಡಗಳು ಎಲ್ಲರಿಗೂ ತಿಳಿದವೇ: ತಲಕಾಡಿನಲ್ಲಿ ಕೀರ್ತಿನಾರಾಯಣ, ಬೇಲೂರಿನಲ್ಲಿ 1117ರ ವಿಜಯನಾರಾಯಣ. ಅದೇ ಅರಸನ ಹೊನ್ನಿನ ಮೇಲೆ ಒಂದು ಮಗ್ಗುಲಲ್ಲಿ ಸಿಂಹ. ಮತ್ತೊಂದು ಮಗ್ಗುಲಲ್ಲಿ ಕನ್ನಡ ಲಿಪಿಯಲ್ಲಿ, ಕನ್ನಡ ಮಾತಿನಲ್ಲಿ, 'ಶ್ರೀ ತಲಕಾಡುಗೊಂಡ' ಎಂದಿದೆ. 'ಶ್ರೀ ನೊಳಂಬವಾಡಿಗೊಂಡ' ಎಂದು ಬರೆದ ಇನ್ನೊಂದು ಬಗೆಯೂ ಉಂಟು. ತೂಕ ಸುಮಾರು ನಾಲ್ಕು ಗ್ರಾಮು. ಅರಸನ ಹೆಸರೇ ಇಲ್ಲ, ಬಿರುದು ಮಾತ್ರ! ಬಿರುದನ್ನು ಓದಿದವನಿಗೆ ಯುದ್ಧವೂ ಊರೂ ಅರಸನೂ ಒಟ್ಟಿಗೆ ನೆನಪಾಗಬೇಕು ಎಂಬ ಭರವಸೆ ಅಚ್ಚು ಕೊರೆದವನಿಗೆ ಇತ್ತು. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ಟನು ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಹಿಂದುಸ್ಥಾನದ ನಾಣ್ಯಗಳ ವಿಷಯವಾಗಿ ಬರೆದ ಗ್ರಂಥದಿಂದ ಇಂಥವುಗಳ ಪರಿಚಯವು ಹೊರಗಿನ ವಿದ್ವಾಂಸರಿಗೂ ಆಯಿತು.

ಈ ಹೊನ್ನು ಕಪಾಟಿಗೆಂದು ಹೊರಟದ್ದಲ್ಲ, ಪೇಟೆಯಲ್ಲಿ ನಡೆಯಲೆಂದು ಹೊರಟದ್ದು. ಘಟನೆಯ ಬಿಸಿ ಆರುವ ಮುನ್ನ, ಘಟನೆಗೆ ಕಾರಣನಾದ ಅರಸನೇ ಹೊರಡಿಸಿದ್ದು. ನೂರಾರು ವರ್ಷ ಕಳೆದ ಮೇಲೆ ಯಾವನೋ ವರ್ತಕನು ಅದೇ ತಲಕಾಡಿನ ಗೆಲವನ್ನು ನೆನೆದು ಬಿಲ್ಲೆ ಒತ್ತಿಸಿದರೆ ಅದು ಅಲಂಕಾರವಾದೀತೇ ಹೊರತು ಸಾಕ್ಷಿಯಾಗದು. ಸಾಕ್ಷಿಯಾದುದನ್ನು ಕೂಡಿಡಬೇಕು, ಅಲಂಕಾರವಾದುದನ್ನು ಬೇಕಾದರೆ ಧರಿಸಬೇಕು ಎಂಬುದು ನಮ್ಮ ಮೊದಲನೆಯ ಒರೆಗಲ್ಲು.

ವಿಜಯನಗರದ ಕೃಷ್ಣದೇವರಾಯನ ವರಹವು ಇದಕ್ಕಿಂತ ಸ್ವಲ್ಪ ತೊಡಕಿನದು. ತೂಕ ಸುಮಾರು 3.4 ಗ್ರಾಮು, ಒಂದು ಕಡೆ ಬೆಣ್ಣೆಮುದ್ದೆ ಹಿಡಿದು ಕುಳಿತ ಬಾಲಕೃಷ್ಣ, ಮತ್ತೊಂದು ಕಡೆ ನಾಗರಿಯಲ್ಲಿ 'ಶ್ರೀ ಪ್ರತಾಪ ಕೃಷ್ಣರಾಯ'. ಅರಸನು 1514ರಲ್ಲಿ ಉದಯಗಿರಿಯನ್ನು ಗೆದ್ದು ಅಲ್ಲಿಂದ ತಂದ ಬಾಲಕೃಷ್ಣನ ವಿಗ್ರಹವನ್ನು 1515ರಲ್ಲಿ ಹಂಪಿಯಲ್ಲಿ ಪ್ರತಿಷ್ಠಿಸಿದನಷ್ಟೆ. ಆ ಗೆಲವಿಗೂ ಈ ನಾಣ್ಯಕ್ಕೂ ನಂಟು ಕಟ್ಟುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ನಮ್ಮ ಮಟ್ಟಿಗೆ ನಂಟು ಸುಂದರವಾಗಿದೆ. ಆದರೆ ಸೌಂದರ್ಯಕ್ಕಾಗಿ ಹೆಚ್ಚು ಬೆಲೆ ತೆರಬೇಡಿರೆಂದು ಹೇಳುವೆವು. ಮೇಲಾಗಿ ಚಿತ್ರದುರ್ಗದ ನಾಯಕರು ಇದೇ ಮಾದರಿಯನ್ನು ಅನುಕರಿಸಿ ವರಹಗಳನ್ನು ಹೊರಡಿಸಿದರು. ಜನರು ಬಾಲಕೃಷ್ಣನನ್ನು ದುರ್ಗಿಯೆಂದು ಬಗೆದು ಅವನ್ನು 'ದುರ್ಗಿ' ಎಂದೇ ಕರೆದರು. ಅಕ್ಷರ ಓದದೆ ಕೇವಲ ಚಿತ್ರ ನೋಡಿ ಕೊಳ್ಳುವವನು ದುರ್ಗಿಗೆ ಕೃಷ್ಣರಾಯನ ಬೆಲೆಯನ್ನು ಕೊಟ್ಟುಬರುತ್ತಾನೆ.

ಧಾರವಾಡದವರಿಗೆ ವಿಶೇಷವಾಗಿ ಪ್ರಿಯವಾಗಬೇಕಾದ ಒಂದು ಹೊನ್ನು ಇದೆ. ಟೀಪು ಸುಲ್ತಾನನು ತನ್ನ ಟಂಕಸಾಲೆಗಳಿದ್ದ ಹಲವು ಊರುಗಳಿಗೆ ಹೊಸ ಹೊಸ ಪಾರಸಿ ಹೆಸರುಗಳನ್ನಿಟ್ಟನು. ಧಾರವಾಡಕ್ಕೆ 'ಖುರ್ಷೇದ್ ಸವಾದ್' ಎಂದಾಯಿತು. ಆ ಹೆಸರನ್ನು ಹೊತ್ತ ಚಿನ್ನದ ವರಹಗಳು ದೊರೆತಿವೆ. 1791ರಲ್ಲಿ ಪರಶುರಾಮ ಭಾವೂ ಕೋಟೆಯನ್ನು ಹಿಡಿದ ಮೇಲೆ ಆ ಟಂಕಸಾಲೆಯೂ ಆ ಹೆಸರೂ ಮುಗಿದವು. ಯಾವ ಉತ್ಸವದ ಸ್ಮಾರಕವೂ ಅಲ್ಲದ ಈ ಪುಟ್ಟ ಹೊನ್ನು, ನಮ್ಮ ಊರಿಗೆ ಕೆಲವೇ ವರ್ಷ ಇದ್ದು ಅಳಿದ ಒಂದು ಹೆಸರಿನ ಸ್ಮಾರಕವಾಗಿದೆ. ಊರಿನ ಸಂಬಂಧದಿಂದ ಕೂಡಿಡುವವನಿಗೆ ಇದೊಂದು ಸಿಕ್ಕರೆ ಹತ್ತು ಹೊಸ ಬಿಲ್ಲೆಗಳು ಬೇಡ.

ಇನ್ನು ಪುತಳಿಯ ಮಾತು. ವೆನಿಸಿನ ಗಣರಾಜ್ಯವು 1284ರಿಂದ 1797ರ ವರೆಗೆ ಹೆಚ್ಚುಕಡಿಮೆ ಒಂದೇ ಮುಖಮುದ್ರೆಯಲ್ಲಿ ಹೊರಡಿಸಿದ ಡುಕಾಟು ಎಂಬ ನಾಣ್ಯವೇ ಇದರ ಮೂಲ. ತೂಕ ಮೂರೂವರೆ ಗ್ರಾಮು. ಚಿನ್ನವೋ ಬಹುಮಟ್ಟಿಗೆ ಅಪರಂಜಿ. ಸಂತ ಮಾರ್ಕನೆದುರು ಮಂಡಿಯೂರಿದ ವೆನಿಸಿನ ಅಧಿಪತಿ ಒಂದು ಕಡೆ, ನಕ್ಷತ್ರಗಳ ನಡುವೆ ಕ್ರಿಸ್ತನು ಇನ್ನೊಂದು ಕಡೆ. ಗೊಂಬೆಯಾಕೃತಿಗಳಿದ್ದುದರಿಂದ ನಮ್ಮವರು 'ಪುತಳಿ' ಎಂದರು; ಕ್ರಿಸ್ತನ ಚಿತ್ರವನ್ನು ಹಿಂದೂ ಮನೆಯ ಮುತ್ತೈದೆಯರು ಕೊರಳಲ್ಲಿ ಧರಿಸಿದರು; ಯಾರಿಗೂ ಅದರಿಂದ ಬಾಧೆಯಾಗಲಿಲ್ಲ. ಆದರೆ ಸರದಲ್ಲಿರುವ ಪುತಳಿಗಳೆಲ್ಲ ವೆನಿಸಿನವಲ್ಲ. ನಮ್ಮ ಅಕ್ಕಸಾಲಿಗರೇ ಒತ್ತಿದ ಅನುಕರಣಗಳು ಹೇರಳ. ಅವುಗಳಲ್ಲಿ ಲ್ಯಾಟಿನ್ ಅಕ್ಷರಗಳು ಸೊಟ್ಟ ಗೆರೆಗಳೂ ಚುಕ್ಕೆಗಳೂ ಆಗಿ ಹೋಗಿರುತ್ತವೆ. ಭೂತಗನ್ನಡಿಯಿಂದ ನೋಡಿದರೆ ಕೂಡಲೆ ತಿಳಿಯುತ್ತದೆ. ನಿಜವಾದ ಡುಕಾಟಿಗೂ ಕುಣಿಕೆ ಬೆಸೆದಿದ್ದರೆ ಸಂಗ್ರಾಹಕರು ಬೆಲೆ ತಗ್ಗಿಸುತ್ತಾರೆ. ಹಾಗೆಂದು ಸರವನ್ನು ಬಿಚ್ಚಿ ಕುಣಿಕೆ ಕಿತ್ತು ಉಜ್ಜಿ ಹೊಳಪು ಕೊಡುವುದು ಬೇಡ. ಕಿತ್ತ ಗಾಯವು ಕುಣಿಕೆಗಿಂತ ಕೆಟ್ಟದು. ಹಳೆಯ ನಾಣ್ಯವನ್ನು ಹುಣಿಸೆಹಣ್ಣಿನಿಂದ ತೊಳೆಯುವ ನಮ್ಮ ಶುಚಿತ್ವಪ್ರೇಮವನ್ನು ಪಾತ್ರೆಗಳಿಗೆ ಮೀಸಲಿಡುವುದು ಲೇಸು.

ರಾಮಟಂಕಿಯ ವಿಷಯದಲ್ಲಿ ಒಂದೇ ಮಾತು: ಅದು ಪೂಜೆಯ ಮುದ್ರಿಕೆ, ರಾಜನ ನಾಣ್ಯವಲ್ಲ. ಪಟ್ಟಾಭಿಷೇಕದ ಚಿತ್ರವುಳ್ಳ ಇವು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ತೂಕದಲ್ಲಿ ಆದವು, ಇಂದಿಗೂ ಆಗುತ್ತಿವೆ. ಮೇಲೆ ಕಾಣುವ ವರ್ಷವನ್ನು ನಂಬಲಾಗದು. ಇದರ ಸೋದರರಾದ, ಹನುಮಂತನ ಚಿತ್ರವೂ ಈಸ್ಟ್ ಇಂಡಿಯಾ ಕಂಪೆನಿಯ ಹೆಸರೂ 1818 ಎಂಬ ವರ್ಷವೂ ಇರುವ ತಾಮ್ರದ ಬಿಲ್ಲೆಗಳನ್ನು ಕಂಪೆನಿಯು ಎಂದೂ ಹೊರಡಿಸಲಿಲ್ಲ. ಅವು ಅಕ್ಕಿಯನ್ನು ಸೆಳೆಯುತ್ತವೆ, ಕೋಟಿಗಟ್ಟಲೆ ಬೆಲೆ ಬಾಳುತ್ತವೆ ಎಂದು ಹೇಳಿ ಓದುಬರಹ ಬಲ್ಲವರನ್ನೂ ಮೋಸಗೊಳಿಸುವವರು ಇದ್ದಾರೆ. ಭೌತಶಾಸ್ತ್ರದ ಪದವೀಧರನೂ ಅಕ್ಕಿ ಸೆಳೆಯುವ ತಾಮ್ರವನ್ನು ನಂಬುವನೆಂದರೆ ವಿದ್ಯೆಯ ಬಗೆಗೆ ಏನು ಹೇಳೋಣ!

ಹಳೆಯ ಹೊನ್ನು ಎಲ್ಲರ ಕೈಗೆ ಎಟುಕತಕ್ಕದ್ದಲ್ಲ. ಹೊಸದನ್ನೇ ಕೊಳ್ಳುವೆನೆಂಬವನು ಏನನ್ನು ನೋಡಬೇಕು? ಇಲ್ಲಿ ಗರಗದ ಇನ್ನೊಂದು ವಿಶೇಷವು ನಮ್ಮ ನೆರವಿಗೆ ಬರುತ್ತದೆ. ಗರಗದ ಖಾದಿಯು ರಾಷ್ಟ್ರಧ್ವಜದ ಬಟ್ಟೆಯೆಂದು ಹೆಸರಾದುದು. ಧ್ವಜಕ್ಕೆ ಗೊತ್ತುಮಾಡಿದ ಮಾನಕವು ಸ್ವತಂತ್ರ ಭಾರತದ ಮಾನಕಗಳಲ್ಲಿ ಒಂದನೆಯ ಸಂಖ್ಯೆಯದು, 1951ರದು. ನೂಲು, ನೇಯ್ಗೆ, ತೂಕ, ಬಣ್ಣ ಎಲ್ಲಕ್ಕೂ ಕಟ್ಟಳೆಯುಂಟು. ಕಟ್ಟಳೆಗೆ ಒಳಪಟ್ಟ ಬಟ್ಟೆಯೂ ಮೂರು ಬಣ್ಣ ಬಳಿದ ಬಟ್ಟೆಯೂ ದೂರದಿಂದ ಒಂದೇ ತೆರನಾಗಿ ಕಂಡರೂ ಒಂದೇ ಅಲ್ಲ. ನಾಣ್ಯದಲ್ಲಿಯೂ ಹಾಗೆಯೇ. ಹೊರಡಿಸಿದವನು ಯಾರು, ಯಾವ ಕಟ್ಟಳೆಗೆ ಬದ್ಧನಾಗಿ ಹೊರಡಿಸಿದನು ಎಂಬುದೇ ನಾಣ್ಯಕ್ಕೂ ಬಿಲ್ಲೆಗೂ ಇರುವ ಅಂತರ.

ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯಗಳು 1964ರಲ್ಲಿ ನೆಹರೂ ಅವರ ನೆನಪಿಗೆ ಹೊರಟವು, ಅವು ನಿಕ್ಕೆಲಿನವು. 1969ರಲ್ಲಿ ಗಾಂಧೀಜಿಯ ಶತಾಬ್ದಿಗೆ ಹತ್ತು ರೂಪಾಯಿಯ ಬೆಳ್ಳಿಯ ನಾಣ್ಯ ಬಂದಿತು. ಸರಕಾರವು 2015ರ ನವೆಂಬರಿನಲ್ಲಿ ಹೊರತಂದ 'ಭಾರತೀಯ ಸ್ವರ್ಣ ನಾಣ್ಯ'ದ ಒಂದು ಮುಖದಲ್ಲಿ ಅಶೋಕ ಚಕ್ರ, ಇನ್ನೊಂದರಲ್ಲಿ ಗಾಂಧೀಜಿ; 24 ಕ್ಯಾರಟಿನ, ಸಾವಿರಕ್ಕೆ 999 ಪಾಲಿನ ಚಿನ್ನ. ಚಿನ್ನವೆಂದು ಕೊಳ್ಳಲು ಇದು ಒಳ್ಳೆಯದೇ. ಆದರೆ ಮೇಲೆ ಮುಖಬೆಲೆಯಿಲ್ಲ; ಯಾವ ಘಟನೆಯ ಸಾಕ್ಷಿಯೂ ಅಲ್ಲ. ಹೆಸರು ನಾಣ್ಯ, ಸ್ವಭಾವ ಗಟ್ಟಿ. ಅಂಗಡಿಗಳ ದೇವತಾಮೂರ್ತಿಯ ಬಿಲ್ಲೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಲೆಕ್ಕವನ್ನು ಒಮ್ಮೆ ನೋಡಿರಿ. ನೂರು ರೂಪಾಯಿಯ ಚಿನ್ನವಿರುವ ಬಿಲ್ಲೆಗೆ ಮಜೂರಿಯೆಂದು ಎಂಟು ರೂಪಾಯಿ ಸೇರಿತೆಂದಿಟ್ಟುಕೊಳ್ಳೋಣ. ಮೇಲೆ ಶೇಕಡಾ 3ರ ತೆರಿಗೆ. ಕೈಬಿಟ್ಟದ್ದು ನೂರಹನ್ನೊಂದು ರೂಪಾಯಿ ಚಿಲ್ಲರೆ. ಮರುದಿನವೇ ಮಾರಹೋದರೆ ಅಂಗಡಿಯವನು ನೂರಕ್ಕೆ ಎರಡು ಕಳೆದು ತೊಂಬತ್ತೆಂಟು ಕೊಟ್ಟನೆನ್ನಿ. ಹಾಗಾದರೆ ಚಿನ್ನದ ದರವು ಶೇಕಡಾ ಹದಿಮೂರೂವರೆಯಷ್ಟು ಏರುವ ವರೆಗೆ ನಿಮ್ಮ ಸಂಗ್ರಹವು ನಷ್ಟದಲ್ಲಿಯೇ ಇರುತ್ತದೆ. ಆ ಮಜೂರಿಯನ್ನು ಮರಳಿ ಕೊಡುವ ಗುಣ ನಾಣ್ಯದಲ್ಲಿ ಇದೆಯೇ ಎಂಬುದೇ ಕೇಳತಕ್ಕ ಪ್ರಶ್ನೆ.

'ಇಷ್ಟೇ ಸಂಖ್ಯೆ' ಎಂಬ ಘೋಷಣೆಯನ್ನು ನೆಚ್ಚುವವರಿಗೆ ಎರಡು ವಿದೇಶಿ ದೃಷ್ಟಾಂತಗಳನ್ನು ಕೊಡುವೆವು. ಪನಾಮಾ ಕಾಲುವೆಯ ನೆನಪಿಗಾಗಿ 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪ್ರದರ್ಶನದಲ್ಲಿ ಐವತ್ತು ಡಾಲರಿನ ಚಿನ್ನದ ನಾಣ್ಯಗಳನ್ನು ಮಾರಿದರು. ದುಂಡನೆಯವು 483, ಎಂಟು ಮೂಲೆಯವು 645 ಮಾತ್ರ ಮಾರಾಟವಾದವು, ಉಳಿದವನ್ನು ಕರಗಿಸಿದರು. ಅಂದು ಯಾರಿಗೂ ಬೇಡವಾದುದೇ ಇಂದು ಅಪೂರ್ವವಾಗಿದೆ. ಜಪಾನಿನ ಕಥೆ ಬೇರೆ. ಹಿರೋಹಿಟೋ ಚಕ್ರವರ್ತಿಯ ಆಳಿಕೆಯ ಅರವತ್ತನೆಯ ವರ್ಷಕ್ಕೆಂದು 1986ರಲ್ಲಿ ಒಂದು ಲಕ್ಷ ಯೆನ್ ಮುಖಬೆಲೆಯ ನಾಣ್ಯವನ್ನು ದಶಲಕ್ಷಗಟ್ಟಲೆ ಹೊರಡಿಸಿದರು. ಒಳಗಿದ್ದ ಚಿನ್ನ 20 ಗ್ರಾಮು. ಅದರ ಅಂದಿನ ಬೆಲೆ ಮುಖಬೆಲೆಯ ಅರ್ಧಕ್ಕಿಂತಲೂ ಕಡಿಮೆ. ಆ ಅಂತರದಲ್ಲಿ ಕಳ್ಳರು ಲಾಭವನ್ನು ಕಂಡರು. 1990ರಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಖೋಟಾ ನಾಣ್ಯಗಳು ಬಯಲಿಗೆ ಬಂದವು. ಅವೂ ಅಪ್ಪಟ ಚಿನ್ನದವೇ! ಲೋಹವು ನಿಜವಾದ ಮಾತ್ರಕ್ಕೆ ನಾಣ್ಯವು ನಿಜವಾಗದೆಂಬುದಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ಬೇರೊಂದಿಲ್ಲ.

ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ ನಾವು ಸವರನ್ನನ್ನು ಹೇಳುತ್ತೇವೆ. 22 ಕ್ಯಾರಟು, 7.988 ಗ್ರಾಮು, ಅಪ್ಪಟ ಚಿನ್ನ 7.322 ಗ್ರಾಮು, ಅಳತೆಗಳು ಲೋಕಪ್ರಸಿದ್ಧವಾದುದರಿಂದ ಮೋಸವನ್ನು ಹಿಡಿಯುವುದು ಸುಲಭ. ಮೊದಲನೆಯ ಮಹಾಯುದ್ಧದ ಬೆಳ್ಳಿಯ ಅಭಾವದಲ್ಲಿ ಮುಂಬಯಿಯ ಟಂಕಸಾಲೆಯು 1918ರಲ್ಲಿ ಸುಮಾರು 13 ಲಕ್ಷ ಸವರನ್ನುಗಳನ್ನು ಒತ್ತಿತು. ಸಂತ ಜಾರ್ಜನ ಕುದುರೆಯ ಕೆಳಗಿನ ನೆಲದ ಗೆರೆಯ ನಡುವೆ, ವರ್ಷದ ಮೇಲುಗಡೆ, 'ಐ' ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಅದು ನಮ್ಮ ನೆಲದ್ದು. ಅದೇ ವರ್ಷ, ಅದೇ ತೂಕದಲ್ಲಿ, ಹದಿನೈದು ರೂಪಾಯಿಯ ಚಿನ್ನದ ನಾಣ್ಯವೂ ಬಂದಿತು. ಇವು ಸ್ಮಾರಕವೆಂಬ ಹೆಸರು ಹೊತ್ತು ಬಂದವಲ್ಲ; ಆದರೆ ಆ ಯುದ್ಧದ ಕಾಲವನ್ನು ಇವಕ್ಕಿಂತ ಚೆನ್ನಾಗಿ ನೆನಪಿಸುವ ಪದಕವಿಲ್ಲ. ಸ್ಮಾರಕವೇ ಬೇಕೆನ್ನುವವನು 1489ರ ಮೊದಲ ಸವರನ್ನಿನ ಐನೂರನೆಯ ವರ್ಷಕ್ಕೆ 1989ರಲ್ಲಿ ಬಂದುದನ್ನು ನೋಡಬಹುದು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ ಹೀಗಿದೆ. ಸೂಕ್ಷ್ಮವಾದ ತಕ್ಕಡಿಯಲ್ಲಿ ಸವರನ್ನನ್ನು ತೂಗಿ, ಅನಂತರ ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಬೇಕು. ತೂಕವು ಸುಮಾರು 0.45 ಗ್ರಾಮು ಇಳಿದರೆ ಲೋಹವು ಸರಿ. ಹೆಚ್ಚು ಇಳಿದರೆ ಹಗುರವಾದ ಲೋಹ ಬೆರೆತಿದೆ. ಟಂಗ್‌ಸ್ಟನ್ ಎಂಬ ಲೋಹದ ಸಾಂದ್ರತೆ ಅಪರಂಜಿಯ ಸಾಂದ್ರತೆಗೆ ಬಹು ಸಮೀಪವಾದುದರಿಂದ 24 ಕ್ಯಾರಟಿನ ದಪ್ಪ ಬಿಲ್ಲೆಗಳಲ್ಲಿ ಈ ಪರೀಕ್ಷೆಯೊಂದನ್ನೇ ನೆಚ್ಚಲಾಗದು. ಅಲ್ಲಿ ಹಾಲ್‌ಮಾರ್ಕನ್ನೂ ಮಾರಿದವನ ರಸೀದಿಯನ್ನೂ ನೋಡಬೇಕು.

ಕಾಯಿದೆಯ ಮಾತನ್ನೂ ಹೇಳಿಬಿಡುವುದು ಯುಕ್ತ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಸಿಕ್ಕ ಹೊನ್ನು ನಿಧಿಯ ಕಾಯಿದೆಗೆ ಒಳಪಟ್ಟದ್ದು. ಜಿಲ್ಲಾಧಿಕಾರಿಗೆ ತಿಳಿಸದೆ ಇಟ್ಟುಕೊಳ್ಳುವಂತಿಲ್ಲ, ಅಂಥದನ್ನು ಗುಟ್ಟಾಗಿ ಮಾರುವವರಿಂದ ಕೊಳ್ಳುವಂತೆಯೂ ಇಲ್ಲ. ನೂರು ವರ್ಷ ಮೀರಿದ ನಾಣ್ಯವನ್ನು 1972ರ ಪ್ರಾಚ್ಯವಸ್ತುಗಳ ಕಾಯಿದೆಯ ಪ್ರಕಾರ ದೇಶದ ಹೊರಗೆ ಒಯ್ಯಲಾಗದು. ವಿಲಾಯತಿಯಲ್ಲಿರುವ ಮಗನಿಗೆ ಅಜ್ಜಿಯ ವರಹವನ್ನು ಕಳುಹಿಸಬೇಕೆಂದಿರುವವರು ಇದನ್ನು ಗಮನಿಸಬೇಕು.

ಮನೆಯಲ್ಲಿ ಹಳೆಯ ಹೊನ್ನು ಇದ್ದವರು ಇಷ್ಟು ಮಾಡಿದರೆ ಸಾಕು. ತೊಳೆಯದೆ, ಉಜ್ಜದೆ, ಅಂಚಿನಲ್ಲಿ ಹಿಡಿದು ಎರಡೂ ಮುಖಗಳ ಚಿತ್ರ ತೆಗೆಸಿ, ತೂಕವನ್ನೂ ಅದು ಯಾರಿಂದ ಬಂದಿತೆಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಡುವುದು. ಅಕ್ಕಸಾಲಿಯ ಅಂಗಡಿಗೆ ಹೋಗುವ ಮೊದಲು ನಾಣ್ಯಶಾಸ್ತ್ರವನ್ನು ಬಲ್ಲವರಿಗೆ ಆ ಚಿತ್ರವನ್ನು ತೋರಿಸುವುದು. ಧಾರವಾಡದ ಕಡೆಯವರಿಗೆ 1939ರಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನಾ ಸಂಸ್ಥೆಯೂ ಅಲ್ಲಿನ ವಸ್ತುಸಂಗ್ರಹಾಲಯವೂ ಹತ್ತಿರದಲ್ಲಿಯೇ ಇವೆ.