ಬಚ್ಚಲ ಟೈಲಿನ ಬಿಳಿ ಪೊರೆ

ಹರಪನಹಳ್ಳಿ, ಕೊಟ್ಟೂರು ಕಡೆ ಕೊಳವೆಬಾವಿಯ ಗಡಸು ನೀರು ಬಳಸುವ ಹಳೆಯ ಮನೆಗಳ ಬಚ್ಚಲಿನಲ್ಲಿ, ನಲ್ಲಿಯ ಕೆಳಗಿನ ಟೈಲುಗಳನ್ನು ಗಮನಿಸಿ. ಸುಣ್ಣ ಬಳಿದಂತೆ ಬೆಳ್ಳಗಿನ ಪೊರೆ ಕಟ್ಟಿರುತ್ತದೆ. ಟೈಲು ಹಾಳಾಗಿದೆಯೇ? ಬಹುಮಟ್ಟಿಗೆ ಇಲ್ಲ. ಅದರ ಮೇಲೆ ಬೇರೊಂದು ವಸ್ತು ಕುಳಿತಿದೆ, ಅಷ್ಟೆ.

ಆ ವಸ್ತು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬನೇಟ್. ಅಂತರ್ಜಲದಲ್ಲಿ ಕ್ಯಾಲ್ಸಿಯಂ ಬೈಕಾರ್ಬನೇಟ್ ರೂಪದಲ್ಲಿ ಕರಗಿರುತ್ತದೆ. ನೀರು ಆರುವಾಗ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ, ಕರಗದ ಕಾರ್ಬನೇಟ್ ಉಳಿಯುತ್ತದೆ. ಭಾರತೀಯ ಮಾನಕ 10500ರ (2012) ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. 600ರ ನೀರು ಗೋಡೆಯ ಮೇಲೆ ದಿನಕ್ಕೆ 100 ಮಿಲಿಲೀಟರ್ ಆರಿತೆನ್ನಿ. ಗಡಸುತನವೆಲ್ಲ ಪೊರೆಯಾಗಿ ಕುಳಿತರೆ ದಿನಕ್ಕೆ 60 ಮಿಲಿಗ್ರಾಂ, ವರ್ಷಕ್ಕೆ ಸುಮಾರು 22 ಗ್ರಾಂ! ಇದು ಗರಿಷ್ಠ ಲೆಕ್ಕ, ನಿಜ. ಆದರೆ ಮನೆಗೆ ಎಷ್ಟು ವರ್ಷವಾಯಿತೆಂದು ಗುಣಿಸಿ ನೋಡಿ. ಇದರ ಜೊತೆಗೆ ಸಾಬೂನು ಕ್ಯಾಲ್ಸಿಯಮಿನೊಡನೆ ಸೇರಿ ಕ್ಯಾಲ್ಸಿಯಂ ಸ್ಟಿಯರೇಟ್ ಎಂಬ ಜಿಡ್ಡಾಗುತ್ತದೆ.

ಜನ ಕೂಡಲೇ ಅಂಗಡಿಯಿಂದ ತರುವುದು 'ಆಸಿಡ್', ಅಂದರೆ ಹೈಡ್ರೋಕ್ಲೋರಿಕ್ ಆಮ್ಲ. ಸುರಿದೊಡನೆ ಬುಸುಗುಟ್ಟಿ ಪೊರೆ ಕರಗುತ್ತದೆ. ತೊಂದರೆಯೆಂದರೆ, ಆಮ್ಲಕ್ಕೆ ಪೊರೆ ಯಾವುದು, ನೆಲ ಯಾವುದು ಎಂಬ ಭೇದವಿಲ್ಲ. ಹೊಳಪಿನ ಪಿಂಗಾಣಿ ಟೈಲಿನ ಮೇಲ್ಪದರ ಒಂದು ಬಗೆಯ ಗಾಜು; ಅದು ಬಹುತೇಕ ತಡೆದೀತು. ಆದರೆ ಸಂದುಗಳ ಬಿಳಿ ಸಿಮೆಂಟು ಕರಗಿ ನೀರು ಒಳಗಿಳಿಯುತ್ತದೆ. ಹಳೆಯ ಮೊಸಾಯಿಕ್ ಟೈಲಿನಲ್ಲಿರುವ ಅಮೃತಶಿಲೆಯ ಚೂರುಗಳಂತೂ ಕ್ಯಾಲ್ಸಿಯಂ ಕಾರ್ಬನೇಟೇ! ಮೊಸಾಯಿಕ್ಕಿಗೆ ನಿಂಬೆರಸವೂ ಬೇಡ. ಹೊಳಪು ಹೋದರೆ ಪಾಲಿಶ್ ಯಂತ್ರವೇ ಗತಿ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಆಸಿಡ್ ಹಾಕಿದ ಕಡೆ ಬ್ಲೀಚಿಂಗ್ ಪುಡಿ ಎಂದೂ ಉದುರಿಸಬೇಡಿ. ಹೊರಬರುವ ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಕಿಟಕಿಯಿಲ್ಲದ ಬಚ್ಚಲಿನ ನೆಲದಲ್ಲೇ ನಿಲ್ಲುತ್ತದೆ. ತಿಕ್ಕುವವರು ಕುಕ್ಕರಗಾಲಿನಲ್ಲಿ ಕುಳಿತಿರುತ್ತಾರೆ. 1915ರಲ್ಲಿ ಈಪ್ರ್ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ.

ಪಿಂಗಾಣಿ ಟೈಲಿಗೆ ಹೀಗೆ ಮಾಡಿ. ಮೊದಲು ಬಿಸಿನೀರಿನಲ್ಲಿ ವಾಷಿಂಗ್ ಸೋಡಾ ಕರಗಿಸಿ ಜಿಡ್ಡನ್ನು ತಿಕ್ಕಿ ತೊಳೆಯಿರಿ. ಜಿಡ್ಡು ಉಳಿದರೆ ಆಮ್ಲ ಪೊರೆಯನ್ನು ಮುಟ್ಟುವುದೇ ಇಲ್ಲ. ಸಂದುಗಳು ನೀರು ಕುಡಿದು ತುಂಬಿರಲಿ. ಆಗ ಆಮ್ಲ ಆಳಕ್ಕೆ ಇಳಿಯದು. ಬಳಿಕ ವಿನೆಗರ್ ಅದ್ದಿದ ಬಟ್ಟೆಯನ್ನು ಪೊರೆಯ ಮೇಲೆ ಹತ್ತು ನಿಮಿಷ ಅಂಟಿಸಿ, ನಾರಿನಿಂದ ಉಜ್ಜಿ ತೊಳೆಯಿರಿ. ದಪ್ಪ ಪೊರೆಗೆ ಮೂರು ನಾಲ್ಕು ಸಲ ಬೇಕಾಗುತ್ತದೆ. ಉಕ್ಕಿನ ನಾರು ಬೇಡ. ಅದು ಗೀರು ಬಿಡುತ್ತದೆ, ಅದರ ತುಣುಕುಗಳು ತುಕ್ಕಿನ ಕಲೆಯಾಗುತ್ತವೆ. ಕೊನೆಗೆ ಬೆರಳ ಗೆಣ್ಣಿನಿಂದ ಟೈಲನ್ನು ತಟ್ಟಿ. ಟೊಳ್ಳು ಸದ್ದು ಬಂದರೆ ಅದು ಗೋಡೆ ಬಿಟ್ಟಿದೆ ಎಂದರ್ಥ, ಗಾರೆಯವರನ್ನು ಕರೆಸಿ. ಸವೆದ ಸಂದುಗಳಿಗೆ ಬಿಳಿ ಸಿಮೆಂಟು ತುಂಬಿದರೆ ಎರಡು ಮೂರು ದಿನ ನೀರು ಚಿಮುಕಿಸುತ್ತಿರಿ.