ಮಗನ ಸಾಲಕ್ಕೆ ರುಜು ಹಾಕುವ ಮುನ್ನ



ಫಸಲಿನ ಹಣ ಕೈಸೇರುವ ದಿನಗಳಲ್ಲಿ ಸಂಘದ ಕಚೇರಿಗೆ ಬರುವ ಹಿರಿಯ ಸದಸ್ಯರಲ್ಲಿ ಕೆಲವರು ಧಾರಣೆಯ ಮಾತು ಮುಗಿದ ಮೇಲೂ ಏಳುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಮಗನ ವಿಷಯ ತೆಗೆಯುತ್ತಾರೆ. ಕುಡಿತ, ಜೂಜು, ಮುಳುಗಿದ ವ್ಯಾಪಾರ, ಹೀಗೆ ಕಾರಣಗಳು ಬೇರೆ ಬೇರೆ. ಪ್ರಶ್ನೆ ಮಾತ್ರ ಒಂದೇ: "ಈ ಸಲವೂ ನಾನೇ ತೀರಿಸಬೇಕೇ?"

ಮೊದಲು ಕಾನೂನಿನ ಮಾತು. ಪ್ರಾಯಕ್ಕೆ ಬಂದ ಮಗ ತನ್ನ ಹೆಸರಿನಲ್ಲಿ ಮಾಡಿದ ಸ್ವಂತ ಸಾಲಕ್ಕೆ, ತಂದೆ ಎಂಬ ಒಂದೇ ಕಾರಣದಿಂದ ತಂದೆ ಹೊಣೆಯಾಗುವುದಿಲ್ಲ. ಹೊಣೆ ಬರುವುದು ರುಜುವಿನಿಂದ. ಜಾಮೀನು ಎಂದರೆ ಬರೀ ಸಾಕ್ಷಿ ಎಂದು ತಿಳಿದವರು ಈಗಲೂ ಇದ್ದಾರೆ. 1872ರ ಭಾರತೀಯ ಕರಾರು ಕಾಯಿದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸಾಲ ಕೊಟ್ಟವರು ಮಗನನ್ನು ಬಿಟ್ಟು ನೇರವಾಗಿ ತಂದೆಯನ್ನೇ ಹಿಡಿಯಬಹುದು.

ತೋಟ ಹೆಸರಿಗೆ ಮಾಡಿಕೊಟ್ಟರೆ ಜವಾಬ್ದಾರಿ ಬಂದೀತೆಂಬ ಆಸೆಯೂ ಸಹಜವೇ. ಆದರೆ ದಾನಪತ್ರ ನೋಂದಣಿಯಾದ ಮೇಲೆ, ಮನಸ್ಸು ಬದಲಾಯಿತೆಂದು ಹಿಂತೆಗೆಯಲು ಬರುವುದಿಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತ ತೋಟವಾದರೆ, 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಒಬ್ಬನ ಸಾಲಕ್ಕೆ ತೋಟ ಅಡವಿಟ್ಟರೆ ಉಳಿದವರ ಅನ್ನವನ್ನೂ ಅಡವಿಟ್ಟಂತೆ. ಕಾಫಿ ಗಿಡ ಫಸಲಿಗೆ ಬರಲು 3-4 ವರ್ಷ, ಅಡಿಕೆಗೆ 5-6 ವರ್ಷ ಬೇಕು. ಅಷ್ಟು ನಿಧಾನವಾಗಿ ಬೆಳೆದದ್ದು ಒಂದು ರುಜುವಿಗೆ ಹೋಗಬಾರದು.

ಹಾಗೆಂದು ಮಗನನ್ನು ಕೈಬಿಡಿ ಎಂದು ನಾವು ಹೇಳುತ್ತಿಲ್ಲ. ಊಟ, ವಸತಿ, ಚಿಕಿತ್ಸೆ ನಡೆಯಲಿ. ಆಸ್ಪತ್ರೆಯ ಬಿಲ್ಲನ್ನು ನೀವೇ ಕಟ್ಟಿ, ನಗದು ಕೈಗೆ ಕೊಡಬೇಡಿ. ಯಾವುದಕ್ಕೆ ಕೊಡುತ್ತೇವೆ, ಯಾವುದಕ್ಕೆ ಇಲ್ಲ ಎಂಬುದನ್ನು ಗಂಡಹೆಂಡಿರು ಮೊದಲೇ ಕೂತು ನಿಶ್ಚಯಿಸಿಕೊಳ್ಳಬೇಕು. ಅಪ್ಪ ಇಲ್ಲವೆಂದದ್ದನ್ನು ಅಮ್ಮ ಬಳೆ ಅಡವಿಟ್ಟು ಕೊಟ್ಟರೆ ಆ ಮಾತಿಗೆ ಬೆಲೆ ಉಳಿಯದು. ಮಾತಾಡುವುದಿದ್ದರೆ ಬೆಳಿಗ್ಗೆ, ಅವನು ಕುಡಿಯದಿರುವಾಗ ಆಡಿ. ರುಜು ಮಾಡಿದ ಖಾಲಿ ಚೆಕ್ಕು ಮನೆಯಲ್ಲಿ ಇಡಬೇಡಿ. ಮುಂದಿನ ಫಸಲನ್ನು ಅವನ ಸಾಲಕ್ಕಾಗಿ ಚೇಣಿಗೆ ಕೊಡಬೇಡಿ.

"ದುಡ್ಡು ಕೊಡದಿದ್ದರೆ ಜೀವ ಕಳೆದುಕೊಳ್ಳುತ್ತೇನೆ" ಎಂದರೆ ಅದನ್ನು ಹಗುರವಾಗಿ ಎಣಿಸಬಾರದು. ಆದರೆ ಅದಕ್ಕೆ ಮದ್ದು ದುಡ್ಡಲ್ಲ. ಅವನನ್ನು ಒಂಟಿಯಾಗಿ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧಿಗಳನ್ನು ಬೀಗ ಹಾಕಿ ಇಡಿ; ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಹಗಲಿರುಳು ಉಚಿತವಾಗಿ ಫೋನು ಮಾಡಬಹುದು; ಕನ್ನಡದಲ್ಲೇ ಮಾತಾಡುತ್ತಾರೆ. ಕುಡಿತದ ಚಟವೂ ಒಂದು ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಪ್ರತ್ಯೇಕ ಚಿಕಿತ್ಸಾ ವಿಭಾಗವಿದೆ.

ಚೇತರಿಸಿಕೊಂಡ ಮಗನಿಗೆ ಮಾಡಲು ಕೆಲಸ ಬೇಕು, ನಿಲ್ಲಲು ನೆಲ ಬೇಕು. ಇಂದು ತೋಟ ಉಳಿಸಿಕೊಳ್ಳುವುದು ಅವನಿಗಾಗಿಯೂ ಹೌದು. ಜಾಮೀನು ಪತ್ರವಾಗಲಿ, ದಾನಪತ್ರವಾಗಲಿ, ರುಜು ಹಾಕುವ ಮೊದಲು ವಕೀಲರೊಬ್ಬರಿಗೆ ತೋರಿಸಿ. ಸಂಘದ ಕಚೇರಿಗೂ ಒಮ್ಮೆ ಬನ್ನಿ. ಇಲ್ಲಿ ಆಡಿದ ಮಾತು ಇಲ್ಲೇ ಉಳಿಯುತ್ತದೆ.