ಅರ್ಜಿಯ ಭಾಷೆ

ಕನ್ನಡ ಅಧ್ಯಾಪಕನಾದವನಿಗೆ ಪಾಠ ಹೇಳುವುದರ ಜೊತೆಗೆ ಊರವರ ಅರ್ಜಿಗಳನ್ನು ಬರೆದುಕೊಡುವ ಕೆಲಸವೂ ಅಂಟಿಕೊಂಡೇ ಬರುತ್ತದೆ. ವಿಜ್ಞಾಪನೆ, ಬಿನ್ನಹ, ಕೃಪಾಕಟಾಕ್ಷ ಮೊದಲಾದ ಮಾತುಗಳು ನನ್ನ ಲೇಖನಿಯಲ್ಲಿ ಮಸಿಗಿಂತ ಮುಂಚೆಯೇ ತುಂಬಿರುತ್ತವೆ. ಎರಡು ವರ್ಷದವನಿದ್ದಾಗಲೇ ಪೋಲಿಯೋಗೆ ಬಲಗಾಲನ್ನು ಒಪ್ಪಿಸಿದವನು ನಾನು. ಆದುದರಿಂದ ನನಗಾಗಿ ನಾನೇ ಬರೆದುಕೊಂಡ ಅರ್ಜಿಗಳಿಗೂ ಲೆಕ್ಕವಿಲ್ಲ. ಅವುಗಳಲ್ಲಿ ಒಂದರಲ್ಲಾದರೂ ‘ದಯೆ’ಯೆಂಬ ಶಬ್ದ ತಪ್ಪಿಹೋದ ನೆನಪಿಲ್ಲ.

2019ರಲ್ಲಿ, ಪದವಿ ಪರೀಕ್ಷೆಗೆ ಮೂರು ವಾರವಿರುವಾಗ, ನಮ್ಮ ಸರ್ಕಾರಿ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿಗೆ ಬಂದಳು. ಅವಳಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ತಾನು ಹೇಳಿದ ಉತ್ತರವನ್ನು ಬರೆಯಲು ನೆರೆಮನೆಯ ಪಿ.ಯು.ಸಿ. ಹುಡುಗಿಯನ್ನು ಕರೆತರುತ್ತೇನೆಂದರೆ ಕಚೇರಿಯವರು, “ಅದೆಲ್ಲ ಆಗುವುದಿಲ್ಲ. ಬರೆಯುವವರನ್ನು ನಾವೇ ಕೊಡುತ್ತೇವೆ, ಸಮಯ ಮಾತ್ರ ಎಲ್ಲರಿಗೂ ಒಂದೇ” ಎಂದರಂತೆ. ನಾನು ಅಭ್ಯಾಸಬಲದಿಂದ ಅರ್ಜಿ ಬರೆದು, “ದೃಷ್ಟಿಹೀನಳಾದ ನನ್ನ ಮೇಲೆ ಕರುಣೆಯಿಟ್ಟು” ಎಂಬಲ್ಲಿಯವರೆಗೆ ಓದಿ ಹೇಳಿದೆ.

“ಸರ್, ಕರುಣೆಯನ್ನು ತೆಗೆದುಬಿಡಿ. ಅಲ್ಲಿ ತೇದಿ ಹಾಕಿ” ಎಂದಳು.

“ಯಾವ ತೇದಿಯಮ್ಮ?”

2018ರ ಆಗಸ್ಟ್ 29! ಆ ದಿನ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು ಹೊರಡಿಸಿದ ಮಾರ್ಗಸೂಚಿಯನ್ನು ಅವಳ ಮೊಬೈಲು ಅವಳಿಗೆ ಗಟ್ಟಿಯಾಗಿ ಓದಿ ಹೇಳಿತ್ತು. ಲಿಪಿಕಾರರನ್ನು ಅಭ್ಯರ್ಥಿಯೇ ಆರಿಸಿಕೊಳ್ಳಬಹುದು. ಅಂಥ ಲಿಪಿಕಾರರ ಓದು ಅಭ್ಯರ್ಥಿಯ ಓದಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು. ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ಸಮಯ ಕೊಡಬೇಕು. ಮೂರು ಗಂಟೆಯ ಪತ್ರಿಕೆಗೆ ಅಲ್ಲಿಗೆ ಪೂರ್ತಿ ಒಂದು ಗಂಟೆಯಾಯಿತು. (ಆ ಬಳಿಕ ಇಂಥ ಸೂಚನೆಗಳು ಇನ್ನೂ ಬಂದಿವೆ. ಅರ್ಜಿ ಬರೆಯುವವರು ಇತ್ತೀಚಿನದನ್ನೇ ತರಿಸಿ ನೋಡುವುದು ಲೇಸು.) ಎಂ.ಎ. ಓದಿದ ನನಗೆ ಇದೊಂದೂ ತಿಳಿದಿರಲಿಲ್ಲ. ಕರುಣೆಯನ್ನು ಹೊಡೆದುಹಾಕಿ ತೇದಿ ಬರೆದೆ. ಒಂಬತ್ತನೆಯ ದಿನ ಒಪ್ಪಿಗೆ ಬಂದಿತು.

ಆ ರಾತ್ರಿ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವನ್ನು ತೆರೆದು ಕುಳಿತೆ. ‘ವಿಕಲಚೇತನ’ ಎಂಬ ಪದವನ್ನು ಟಂಕಿಸಿದವರ ಸದುದ್ದೇಶದಲ್ಲಿ ನನಗೆ ಸಂಶಯವಿಲ್ಲ. ಆದರೂ ವೈಯಾಕರಣನಿಗೆ ಅದು ಮುಳ್ಳಿನಂತೆ ಚುಚ್ಚುತ್ತದೆ: ನನ್ನಲ್ಲಿ ಊನವಾದದ್ದು ಕಾಲೇ ಹೊರತು ಚೇತನವಲ್ಲ! ಅದಿರಲಿ. 1995ರ ಹಳೆಯ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೆ, 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ ಹೊಸದು 21ನ್ನು ಗುರುತಿಸಿದೆ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಮಾತು. ಅತಿಯಾದ ಹೊರೆಯಿಲ್ಲದೆ ಮಾಡಿಕೊಡಬಹುದಾದ ಅನುಕೂಲವನ್ನು ನಿರಾಕರಿಸುವುದನ್ನೂ ಅದರ ವ್ಯಾಖ್ಯೆ ತಾರತಮ್ಯದಲ್ಲೇ ಸೇರಿಸುತ್ತದೆ. 23ನೆಯ ಪ್ರಕರಣದಂತೆ ಪ್ರತಿಯೊಂದು ಸರ್ಕಾರಿ ಸಂಸ್ಥೆಯಲ್ಲಿಯೂ ದೂರು ಕೇಳುವ ಅಧಿಕಾರಿ ಇರಬೇಕು, ದೂರನ್ನು ದಾಖಲೆಗೆ ಸೇರಿಸಬೇಕು, ಎರಡು ವಾರದೊಳಗೆ ವಿಚಾರಿಸಬೇಕು. ಮುಂದೆ 2021ರ ಫೆಬ್ರವರಿ 11ರಂದು, ಬರೆಯುವಾಗ ಕೈ ಸೆಡೆತುಕೊಳ್ಳುವ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ವೈಕಲ್ಯ ಶೇಕಡಾ 40ರ ಗೆರೆ ಮುಟ್ಟಲಿಲ್ಲವೆಂಬ ಕಾರಣಕ್ಕೆ ಲಿಪಿಕಾರರನ್ನು ನಿರಾಕರಿಸಲಾಗದೆಂದು ತೀರ್ಪಿತ್ತಿತು.

ನನ್ನ ತರಗತಿಯಿದ್ದುದು ಮಹಡಿಯ ಮೇಲೆ, 38 ಮೆಟ್ಟಿಲುಗಳಾಚೆ. ಹನ್ನೊಂದು ವರ್ಷ ಅವನ್ನು ಹತ್ತಿದ್ದೆ. ಮಳೆಗಾಲದಲ್ಲಿ ಒದ್ದೆ ಕಲ್ಲಿನ ಮೇಲೆ ಕ್ಯಾಲಿಪರು ಜಾರಿದಾಗ ಹುಡುಗರು ತೋಳು ಕೊಡುತ್ತಿದ್ದರು. ಅದನ್ನು ಗುರುಭಕ್ತಿಯೆಂದು ಕರೆದು ಸಮಾಧಾನಪಟ್ಟುಕೊಂಡಿದ್ದೆ. ಕೆಳಗಿನ ಕೋಣೆಯೊಂದು ಮುರಿದ ಬೆಂಚುಗಳಿಂದ ತುಂಬಿ ಸುಮ್ಮನೆ ಬಿದ್ದಿತ್ತು. ಅದನ್ನು ಕೇಳಬಾರದೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಹೊಳೆದಿರಲಿಲ್ಲವೆನ್ನುವುದೂ ಪೂರ್ಣ ಸತ್ಯವಲ್ಲ. ಕೇಳಿದರೆ ‘ಕೈಲಾಗದವನು’ ಎಂದಾರೆಂಬ ಅಂಜಿಕೆಯಿತ್ತು.

ಮರುದಿನ ನಾಲ್ಕು ಸಾಲಿನ ಅರ್ಜಿ ಬರೆದೆ. ಅಷ್ಟು ಚಿಕ್ಕದನ್ನು ನಾನೆಂದೂ ಬರೆದವನಲ್ಲ. ಬರೆಯುವಾಗ ಕೈ ಸ್ವಲ್ಪ ನಡುಗಿತು. “ಏನು ಸ್ವಾಮಿ, ಕೋರ್ಟು ನೋಟೀಸಿನ ಹಾಗಿದೆ!” ಎಂದು ಗುಮಾಸ್ತರು ನಕ್ಕರು. ಬೆಂಚುಗಳು ಸಾಗಲು ಎರಡು ತಿಂಗಳೇ ಹಿಡಿಯಿತು.

ಈಗ ನನ್ನ ತರಗತಿ ಕೆಳಗಿದೆ. ಪುಸ್ತಕ ಭಂಡಾರ ಇನ್ನೂ ಮೇಲೆಯೇ ಇದೆ. ಅದರ ಅರ್ಜಿಯನ್ನು ಕಳೆದ ಸೋಮವಾರ ಕೊಟ್ಟು, ದಾಖಲೆಯ ಸಂಖ್ಯೆಯನ್ನು ಬರೆಸಿಕೊಂಡು ಬಂದಿದ್ದೇನೆ.